ಇಂಗಾಲದ ಸಂಕರೀಕರಣ ಗುರುತಿಸುವಾಗ ಬಂಧಗಳನ್ನಲ್ಲ, ನೆರೆಯ ಪರಮಾಣುಗಳನ್ನು ಎಣಿಸಿ

ಸಾವಯವ ಅಣುವೊಂದರಲ್ಲಿ ಇಂಗಾಲದ ಸಂಕರೀಕರಣವನ್ನು (ಅದರ ಎಸ್ ಮತ್ತು ಪಿ ಕಕ್ಷಕಗಳು, ಅಂದರೆ ಎಲೆಕ್ಟ್ರಾನ್‌ಗಳಿರುವ ವಲಯಗಳು, ಬೆರೆತು ಹೊಸ ಕಕ್ಷಕಗಳಾಗುವ ಬಗೆಯನ್ನು) ಕೇಳಿದಾಗ ಅನೇಕರು ದ್ವಿಬಂಧ ಕಂಡೊಡನೆ ಎಸ್‌ಪಿ² ಎಂದು ಬರೆದುಬಿಡುತ್ತಾರೆ. ಅದರ ಬದಲು ಆ ಇಂಗಾಲಕ್ಕೆ ನೇರವಾಗಿ ಅಂಟಿಕೊಂಡಿರುವ ಪರಮಾಣುಗಳು ಎಷ್ಟು ಎಂದು ಎಣಿಸುವುದು ಒಳ್ಳೆಯದು. ನಾಲ್ಕಿದ್ದರೆ ಎಸ್‌ಪಿ³, ಮೂರಿದ್ದರೆ ಎಸ್‌ಪಿ², ಎರಡಿದ್ದರೆ ಎಸ್‌ಪಿ. ಬಂಧದಿಂದ ಜೋಡಿಸಿದ ಯಾವುದೇ ಎರಡು ಪರಮಾಣುಗಳ ನಡುವೆ ಇರುವುದು ಒಂದೇ ಸಿಗ್ಮಾ ಬಂಧ, ಅಂದರೆ ನೇರ ಬಂಧ. ದ್ವಿಬಂಧ, ತ್ರಿಬಂಧಗಳಲ್ಲಿ ಉಳಿದ ಪೈ ಬಂಧಗಳು ಸಂಕರಗೊಳ್ಳದ ಪಿ ಕಕ್ಷಕಗಳಿಂದ ಉಂಟಾಗುವುದರಿಂದ ಅವು ಎಣಿಕೆಗೆ ಬರುವುದಿಲ್ಲ.

ಇದಕ್ಕೆ ಅಲೀನ್ (CH₂=C=CH₂) ಉತ್ತಮ ಪರೀಕ್ಷೆ. ಅದರ ಮೂರು ಇಂಗಾಲಗಳಲ್ಲಿ ನಡುವಿನದು ಎರಡೂ ಬದಿಗೆ ದ್ವಿಬಂಧ ಹೊಂದಿದ್ದರೂ ಅದಕ್ಕೆ ನೆರೆಯವರು ಇಬ್ಬರೇ ಆದ್ದರಿಂದ ಅದು ಎಸ್‌ಪಿ, ಕೋನ 180 ಡಿಗ್ರಿ. ತುದಿಯ ಇಂಗಾಲಗಳಿಗೆ ಎರಡು ಹೈಡ್ರೋಜನ್ ಮತ್ತು ಒಂದು ಇಂಗಾಲ ಸೇರಿ ಮೂರು, ಹಾಗಾಗಿ ಎಸ್‌ಪಿ². ನಡುವಿನ ಇಂಗಾಲದ ಎರಡು ಪಿ ಕಕ್ಷಕಗಳು ಪರಸ್ಪರ ಲಂಬವಾಗಿರುವುದರಿಂದಲೇ ಎರಡು ತುದಿಗಳ ಹೈಡ್ರೋಜನ್ ಜೋಡಿಗಳು ಒಂದೇ ಸಮತಲದಲ್ಲಿ ನಿಲ್ಲುವುದಿಲ್ಲ.

ಮೂಲೆ ಮತ್ತು ತುದಿಗಳೇ ಇಂಗಾಲಗಳನ್ನು ಸೂಚಿಸುವ ರೇಖಾಚಿತ್ರಗಳಲ್ಲಿ ಇಂಗಾಲಕ್ಕೆ ಅಂಟಿದ ಹೈಡ್ರೋಜನ್‌ಗಳನ್ನು ಬರೆದಿರುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುವುದು, ಆದುದರಿಂದ ಮೊದಲು ಪೆನ್ಸಿಲಿನಿಂದ ಅವನ್ನು ತುಂಬಿಕೊಳ್ಳಿ. ಆವೇಶವಿರುವ ಇಂಗಾಲದಲ್ಲಿಯೂ ಎಚ್ಚರ ಬೇಕು: ಮೀಥೈಲ್ ಧನ ಅಯಾನಿನಲ್ಲಿ (CH₃⁺) ಪಿ ಕಕ್ಷಕ ಖಾಲಿ ಇರುವುದರಿಂದ ಅದು ಎಸ್‌ಪಿ², ಮೀಥೈಲ್ ಋಣ ಅಯಾನಿನಲ್ಲಿ (CH₃⁻) ಒಂಟಿ ಜೋಡಿಯನ್ನೂ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಎಣಿಸಬೇಕಾದ್ದರಿಂದ ಎಸ್‌ಪಿ³. ಆದರೆ ಅಲೈಲ್ ಋಣ ಅಯಾನಿನಂತೆ (CH₂=CH–CH₂⁻) ಆ ಜೋಡಿ ಪಕ್ಕದ ದ್ವಿಬಂಧದೊಡನೆ ಅನುರಣನದಲ್ಲಿ ಪಾಲ್ಗೊಂಡಿದ್ದರೆ, ಅಂದರೆ ಹಲವು ಪರಮಾಣುಗಳ ಮೇಲೆ ಹರಡಿಕೊಂಡಿದ್ದರೆ, ಅದು ಪಿ ಕಕ್ಷಕದಲ್ಲಿರುತ್ತದೆ, ಇಂಗಾಲ ಎಸ್‌ಪಿ² ಆಗುತ್ತದೆ.