75 ನಿಮಿಷದ ಮ್ಯಾಚಲ್ಲಿ ನಡುನಡುವೆ ಕೂತು ಸ್ಕೋರ್ ಏರಿಸಿದ್ದು

ನಿಂತೇ ಹೊಡೆಯುವ 10 ಮೀಟರ್ ಏರ್ ರೈಫಲ್ ಮ್ಯಾಚಲ್ಲಿ ನಾಲ್ಕೈದು ಪೆಲೆಟ್‌ಗೊಮ್ಮೆ (ಪೆಲೆಟ್ ಅಂದರೆ ಏರ್ ರೈಫಲಿನ ಪುಟ್ಟ ಗುಂಡು) ರೈಫಲನ್ನು ಸ್ಟ್ಯಾಂಡಿಗಿಟ್ಟು ಸ್ಟೂಲಿನ ಮೇಲೆ ಕೂರುತ್ತೇನೆ ಅಂದಾಗ ಬಳ್ಳಾರಿಯಲ್ಲಿ ಯಾರೂ ಒಪ್ಪಲಿಲ್ಲ. ‘ಕೈ ಆರಿ ಹೋಗ್ತದ ತಮ್ಮಾ, ಟೈಮೂ ಸಾಲಂಗಿಲ್ಲ’ ಎಂದರು ಹಿರಿಯ ಶೂಟರ್ ಒಬ್ಬರು. ಈ ಸಲ ಬೆಂಗಳೂರಿನ ಪಂದ್ಯದಲ್ಲಿ ನನ್ನ ಸ್ಕೋರ್ 614ರ ಹತ್ತಿರ ಬಂತು. ಹಿಂದೆ 600 ದಾಟಲು ಒದ್ದಾಡುತ್ತಿದ್ದೆ. ಈಗ ಅವರೇ ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಲೆಕ್ಕ ಸರಳ. 60 ಪೆಲೆಟ್, 75 ನಿಮಿಷ. ಒಂದಕ್ಕೆ 40 ಸೆಕೆಂಡ್ ಹಿಡಿದರೂ 40 ನಿಮಿಷ ಆಯಿತು. ಉಳಿದ 35 ನಿಮಿಷವನ್ನು ಎಷ್ಟೋ ಜನ ಹಾಗೇ ಬಿಟ್ಟು ಬರುತ್ತಾರೆ. ನಾನು ಅದನ್ನು ಮ್ಯಾಚಿನ ನಡುವೆಯೇ ಖರ್ಚು ಮಾಡುತ್ತೇನೆ.

ಇದು ಹೊಳೆದದ್ದು ನಮ್ಮ ಬಿಸಿಲಿನಿಂದ. ಹತ್ತಿ ಗೋದಾಮಿನಲ್ಲಿ ನನ್ನ ಪ್ರಾಕ್ಟೀಸ್. ಏಪ್ರಿಲ್ ಬಂದರೆ ಹೊರಗೆ 40 ಡಿಗ್ರಿ, ಒಳಗೆ ಕ್ಯಾನ್ವಾಸ್ ಜಾಕೆಟ್. ಮೊದಲ ಹತ್ತು ಪೆಲೆಟ್‌ಗೆ 102 ಬರುತ್ತಿತ್ತು, ನಾಲ್ಕನೇ ಹತ್ತಕ್ಕೆ 98. ಬೆವರಿಗೆ ಕೆನ್ನೆ ಜಾರುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಮೊದಲಾದರೆ 10 ಅಂದರೆ 10. 2013ರಿಂದ ಕ್ವಾಲಿಫಿಕೇಶನ್‌ನಲ್ಲೂ, ಅಂದರೆ ಫೈನಲ್‌ಗೆ ಮುಂಚಿನ ಈ 60 ಪೆಲೆಟ್‌ನ ಸುತ್ತಿನಲ್ಲೂ, ದಶಾಂಶ ಎಣಿಸುತ್ತಾರೆ. 10.1ಕ್ಕೂ 10.7ಕ್ಕೂ ಇರುವ ವ್ಯತ್ಯಾಸ ಕೊನೆಯ 20 ಪೆಲೆಟ್‌ನಲ್ಲೇ ಸೋರಿ ಹೋಗುತ್ತಿತ್ತು.

ಬೇಗ ಮುಗಿಸಿ ನೋಡಿದೆ, 45 ನಿಮಿಷಕ್ಕೆ. ಇನ್ನೂ ಕೆಟ್ಟಿತು. ಟೇಬಲ್ ಫ್ಯಾನ್ ಇಟ್ಟರೆ ಕಣ್ಣು ಒಣಗಿತು, ಟಾರ್ಗೆಟ್ ಕಾರ್ಡ್ ಪಟಪಟ ಅಂದಿತು. ಒದ್ದೆ ಟವೆಲ್ ಒಳಗೆ ಹಾಕಿದರೆ ಜಾಕೆಟ್ಟೇ ಮೆತ್ತಗಾಯಿತು, ಬೆನ್ನಿಗೆ ಆಸರೆ ಹೋಯಿತು.

ಕೂತು ಎದ್ದರೆ ಪೊಸಿಷನ್ ಕೆಡುತ್ತದೆ ಅನ್ನುವ ಮಾತು ನಿಜ. ಅದಕ್ಕೇ ಪೆಲೆಟ್ ಇಲ್ಲದೆ ಅಭ್ಯಾಸ ಮಾಡಿದೆ, ಎರಡು ತಿಂಗಳ ಮೇಲೇ ಆಗಿರಬೇಕು. ಕೂರು, ಏಳು, ಪಾದ ಇಡು, ಕಣ್ಣು ಮುಚ್ಚು, ತೆರೆದು ನೋಡು. ಟಾರ್ಗೆಟ್ಟಿನ ಕಪ್ಪು ವೃತ್ತ ರೈಫಲಿನ ತುದಿಯ ಗುರಿ ರಿಂಗಿನ ನಡುವೆ ಇಲ್ಲದಿದ್ದರೆ ಪಾದ ಸರಿಸು, ಕೈಯಿಂದ ಎಳೆಯಬೇಡ. ಗುರಿಗೆ ಬಂದು ಎಂಟು ಸೆಕೆಂಡಲ್ಲಿ ಟ್ರಿಗರ್ ಬೀಳದಿದ್ದರೆ ರೈಫಲ್ ಇಳಿಸು. ಹೀಗೆ ಇಳಿಸುವುದಕ್ಕೂ ಆ 35 ನಿಮಿಷದಲ್ಲೇ ಟೈಮ್ ಸಿಗುತ್ತದೆ. ಪಾದ ಮತ್ತೆ ಅದೇ ಜಾಗಕ್ಕೆ ಬೀಳಲು ನಾನು ಒಂದು ಉಪಾಯ ಮಾಡಿದ್ದೇನೆ. ಅದನ್ನು ಮುಂದಿನ ವರ್ಷದ ಪಂದ್ಯ ಮುಗಿಯುವ ತನಕ ಹೇಳುವುದಿಲ್ಲ. ಸ್ಟೂಲಿನ ಮೇಲೆ ಕೂತು ಏನು ಮಾಡುತ್ತೇನೆ ಅನ್ನುವುದನ್ನೂ ಅಷ್ಟೇ.

ದುಡ್ಡಿನ ಮಾತು. ರೈಫಲ್ ಸೆಕೆಂಡ್ ಹ್ಯಾಂಡ್, 1.4 ಲಕ್ಷ ಇರಬೇಕು. ಮಾರಿದವನು ಅದರ ಗಾಳಿ ಸಿಲಿಂಡರಿನ ಅವಧಿ ಮುಚ್ಚಿಟ್ಟಿದ್ದ. ತಯಾರಾದ ದಿನದಿಂದ ಹತ್ತು ವರ್ಷ ದಾಟಿದರೆ ಮ್ಯಾಚಿಗೆ ಬಿಡುವುದಿಲ್ಲ, ನಿಮಗೆ ಗೊತ್ತಲ್ವಾ. ಹೊಸದಕ್ಕೆ 25 ಸಾವಿರದ ಮೇಲೆ ಹೋಯಿತು. ಜಾಕೆಟ್ ಕೂಡ ಹಳೆಯದೇ, 12 ಸಾವಿರ, ನನಗೆ ದೊಗಲೆ. ಇಲ್ಲಿ ಬಳ್ಳಾರಿ ಕೈ ಹಿಡಿಯಿತು. ಜೀನ್ಸ್ ಹೊಲಿಯುವ ಊರಿದು. ಕೌಲ್ ಬಜಾರಿನ ಟೈಲರ್ ಒಬ್ಬರು ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ತೆಗೆದು, ಗುಂಡಿ ಸರಿಸಿ ಕೊಟ್ಟರು. 400 ರೂಪಾಯಿ. ಒಳಗೆ ಇನ್ನೊಂದು ಪದರ ಸೇರಿಸೋಣ ಅಂದರು, ಬೇಡ ಅಂದೆ. ದಪ್ಪ 2.5 ಮಿಲಿಮೀಟರ್ ಮೀರಿದರೆ ಚೆಕಿಂಗ್‌ನಲ್ಲೇ ಹೊರಗೆ. ಬೆಂಗಳೂರಲ್ಲಿ ಮೊದಲ ಸಲಕ್ಕೇ ಪಾಸಾಯಿತು. ಅಂಥ ಕೆಲಸ ಆ ಟೈಲರ್‌ದು.

ನಡುವೆ ಪೆಲೆಟ್ ತೂಗುವ ಹುಚ್ಚೂ ಹಿಡಿದಿತ್ತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಡಬ್ಬಿ ಪೂರ್ತಿ ತೂಗಿ 0.53 ಗ್ರಾಮಿನವನ್ನು ಬೇರೆ ಇಟ್ಟೆ. ಕೈಯಲ್ಲಿ ಹಿಡಿದು ಹೊಡೆದಾಗ ಏನೂ ವ್ಯತ್ಯಾಸ ಕಾಣಲಿಲ್ಲ, ಒಂದು ಭಾನುವಾರ ಹೋಯಿತು ಅಷ್ಟೇ.

ಬೆಳಕಿನ ಪ್ರಯೋಗ ಮಾತ್ರ ಉಪಯೋಗಕ್ಕೆ ಬಂತು. ಗೋದಾಮು ಕತ್ತಲು, ಕಾರ್ಡಿನ ಮೇಲೆ ಮಾತ್ರ ಎಲ್‌ಇಡಿ. ಕಣ್ಣಿನ ಪಾಪೆ ಹಿಗ್ಗಿ ರಿಂಗಿನ ಅಂಚು ಮಸುಕಾಗುತ್ತಿತ್ತು. ನನ್ನ ಬೆನ್ನ ಹಿಂದೆ ಎರಡು ಟ್ಯೂಬ್‌ಲೈಟ್ ಹಾಕಿಸಿ, ಮುಂದಿನ ರಿಂಗನ್ನು 3.8ರಿಂದ 4.2 ಮಿಲಿಮೀಟರಿಗೆ ದೊಡ್ಡದು ಮಾಡಿದೆ. ವೃತ್ತದ ಸುತ್ತ ಬಿಳಿ ಜಾಗ ಜಾಸ್ತಿ ಆಗಿ ಕಣ್ಣು ಬೇಗ ದಣಿಯುವುದು ನಿಂತಿತು. ಹಾಲಿನಿಂದ ಹಾಲಿಗೆ ಬೆಳಕು ಬೇರೆ ಇರುವುದರಿಂದ ಎರಡೂ ರಿಂಗ್ ಬ್ಯಾಗಲ್ಲಿರುತ್ತವೆ. ಯಾವುದು ಅಂತ ಮ್ಯಾಚಿಗೆ ಮುಂಚೆ ಗುರಿ ಸರಿಮಾಡಿಕೊಳ್ಳಲು ಕೊಡುವ ಸೈಟಿಂಗಿನ 15 ನಿಮಿಷದಲ್ಲೇ ತೀರ್ಮಾನ ಮಾಡುತ್ತೇನೆ.