ವಾಲಂಟಿಯರ್ ಪದಕ ಸಿಕ್ಕಿದೆಯಾ? ಅದರ ಯಜಮಾನನನ್ನು ಹುಡುಕುವುದು ಹೀಗೆ

ಬೆಂಗಳೂರು ಕಂಟೋನ್ಮೆಂಟ್ ಕಡೆ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಹಳೇ ಟ್ರಂಕಿನಲ್ಲಿ ಸಿಕ್ಕ ಪದಕ ಹಿಡಿದುಕೊಂಡು ಆಗಾಗ ಯಾರಾದರೂ ಬರುತ್ತಾರೆ. "ಮುತ್ತಾತ ಬ್ರಿಟಿಷ್ ಮಿಲಿಟರಿಯಲ್ಲಿದ್ದರಂತೆ" ಅನ್ನುತ್ತಾರೆ. ತಿರುಗಿಸಿ ನೋಡಿದರೆ ಅದು ಬೆಂಗಳೂರು ರೈಫಲ್ ವಾಲಂಟಿಯರ್ಸ್‌ದು. 1868ರಲ್ಲಿ ಶುರುವಾದ ಪಡೆ. ಅದರಲ್ಲಿದ್ದವರಿಗೆ ಹೊಟ್ಟೆಪಾಡು ಬೇರೆಯೇ ಇತ್ತು. ರೈಲ್ವೆಯಲ್ಲೋ ಆಫೀಸಿನಲ್ಲೋ ದುಡಿದು, ಬಿಡುವಿನಲ್ಲಿ ಯೂನಿಫಾರಂ ಹಾಕಿ ಡ್ರಿಲ್ ಮಾಡುತ್ತಿದ್ದರು. ಅದಕ್ಕೇ ಮಿಲಿಟರಿ ಕಡತಕ್ಕಿಂತ ಅವರ ನೌಕರಿಯ ಜಾಡು ಹಿಡಿದರೆ ಬೇಗ ಸಿಗುತ್ತಾರೆ.

ಮೊದಲು ಪದಕ ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದರೆ ಬೆಳ್ಳಿ ಹೊಳೆಯುತ್ತೆ ನಿಜ, ಆದರೆ ಅಂಚಿನ ಅಕ್ಷರ ಸವೆದುಹೋಗುತ್ತೆ. ನಮಗೆ ಬೇಕಿರುವುದೇ ಆ ಅಂಚು. ಹೆಸರು, ದರ್ಜೆ, ಪಡೆ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಕೋಣೆ ಸ್ವಲ್ಪ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೀರು ಓರೆ ಬೆಳಕಿನಲ್ಲಿ ನೆರಳಾಗಿ ಏಳುತ್ತೆ. ಪದಕವನ್ನು ನಿಧಾನವಾಗಿ ಸುತ್ತಿಸುತ್ತಾ ಒಂದೊಂದೇ ಅಕ್ಷರ ಬರೆದುಕೊಳ್ಳಿ. ಅನುಮಾನ ಬಂದಲ್ಲಿ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ.

ಆಮೇಲೆ ಕಾಲ. ಹಸಿರು ರಿಬ್ಬನ್ನಿನ ಬೆಳ್ಳಿ ಪದಕದ ಹಿಂದೆ ವಾಲಂಟಿಯರ್ ಪಡೆಯಲ್ಲಿ ದೀರ್ಘ ಸೇವೆಗಾಗಿ ಅಂತ ಇಂಗ್ಲಿಷಿನಲ್ಲಿದ್ದರೆ, ಅದು 20 ವರ್ಷದ ಸೇವೆಗೆ ಕೊಟ್ಟಿದ್ದು. ಭಾರತದಲ್ಲಿದ್ದ ಪಡೆಗಳಿಗೆ ಇದು ಸಿಕ್ಕಿದ್ದು 1896ರಿಂದ. ಮುಂದೆ ಯಾರ ತಲೆ ಇದೆ ನೋಡಿ. ದೊರೆ ಏಳನೇ ಎಡ್ವರ್ಡ್ ಇದ್ದರೆ 1901ರಿಂದ 1910ರ ಸುಮಾರು. ಅದರಿಂದ 20 ಕಳೆಯಿರಿ. ಅಂದರೆ ಆ ಮನುಷ್ಯ ಹೆಚ್ಚುಕಡಿಮೆ 1890ಕ್ಕೆ ಮೊದಲೇ ಸೇರಿರಬೇಕು. ಅಂಚಿಗೆ ಹಳದಿ ಇರುವ ಹಸಿರು ರಿಬ್ಬನ್, ಮೇಲೆ 'ಇಂಡಿಯಾ' ಪಟ್ಟಿ ಇದ್ದರೆ ಅದು 1930ರಿಂದ ಈಚಿನದು, 12 ವರ್ಷದ ಸೇವೆಗೆ. ಅಷ್ಟೊತ್ತಿಗೆ ಈ ವಾಲಂಟಿಯರ್ ಪಡೆಗಳಿಗೆಲ್ಲ ಹೊಸ ಹೆಸರು ಬಂದಿತ್ತು: 1917ರಲ್ಲಿ ಇಂಡಿಯನ್ ಡಿಫೆನ್ಸ್ ಫೋರ್ಸ್, 1920ರಿಂದ ಆಕ್ಸಿಲಿಯರಿ ಫೋರ್ಸ್.

ಈಗ ಪಡೆಯ ಹೆಸರೇ ನೌಕರಿ ಹೇಳುತ್ತೆ. ಸದರ್ನ್ ಮರಾಠಾ ರೈಲ್ವೆ ಅಂತಿದ್ದರೆ ಧಾರವಾಡ, ಹುಬ್ಬಳ್ಳಿ ಕಡೆ ಹೊರಳಿ. ಆ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿತು. ಕೋಲಾರ ಗೋಲ್ಡ್ ಫೀಲ್ಡ್ಸ್ ಅಂತಿದ್ದರೆ ಗಣಿ ನೌಕರರೇ ಇರಬೇಕು. ಯೂರೋಪಿಯನ್, ಆಂಗ್ಲೋ ಇಂಡಿಯನ್ ರೈಲ್ವೆ ನೌಕರರಿಗೆ ಹಲವು ಕಡೆ ಸೇರದೆ ವಿಧಿಯೇ ಇರಲಿಲ್ಲ. ಹೆಸರಿಗಷ್ಟೇ ವಾಲಂಟಿಯರ್, ಅಲ್ವಾ?

ಆಫೀಸರ್ ಆಗಿದ್ದರೆ ಇಂಡಿಯನ್ ಆರ್ಮಿ ಲಿಸ್ಟ್ ಅನ್ನೋ ಆಫೀಸರ್‌ಗಳ ಅಚ್ಚಾದ ಪಟ್ಟಿ ನೋಡಿ. ಸಾಮಾನ್ಯ ಸಿಪಾಯಿಯ ಹೆಸರು ಅದರಲ್ಲಿ ಬರುವುದಿಲ್ಲ, ಅಲ್ಲಿ ಸುಮ್ನೆ ಸಮಯ ಕಳೆಯಬೇಡಿ. ಅವನಿಗೆ ಚರ್ಚ್ ರಿಜಿಸ್ಟರೇ ಗತಿ. ಮದುವೆ ಪುಟದಲ್ಲಿ ವಯಸ್ಸು, ತಂದೆಯ ಹೆಸರು, ಉದ್ಯೋಗ ಇರುತ್ತೆ. ಉದ್ಯೋಗದ ಕಾಲಂನಲ್ಲಿ ಸಿಪಾಯಿ ಅಂತ ಹುಡುಕಿದರೆ ಸಿಗಲ್ಲ. ಗಾರ್ಡ್, ಫಿಟ್ಟರ್, ಟೆಲಿಗ್ರಾಫ್ ಗುಮಾಸ್ತ ಅಂತ ಇರುತ್ತೆ. ಈ ರಿಜಿಸ್ಟರ್‌ಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು, ಕೋಲಾರದ್ದು ಮದ್ರಾಸ್ ಸರಣಿಯಲ್ಲಿ, ಅದರ ಗುರುತು ಎನ್/2. ದುಡ್ಡು ಕೊಟ್ಟರೆ ಫೈಂಡ್‌ಮೈಪಾಸ್ಟ್ ಅನ್ನೋ ವೆಬ್‌ಸೈಟಿನಲ್ಲಿ ಪುಟವನ್ನೇ ನೋಡಬಹುದು. ಅದಕ್ಕೆ ಮೊದಲು ಬ್ರಿಟಿಷ್ ಇಂಡಿಯಾದ ಕುಟುಂಬಗಳ ಜಾಡು ಹಿಡಿಯುವ ಫಿಬಿಸ್ ಸಂಸ್ಥೆಯ ಆನ್‌ಲೈನ್ ಸೂಚಿಯಲ್ಲಿ ಹೆಸರು ಹಾಕಿ ನೋಡಿ, ಅದು ಪುಕ್ಕಟೆ.

ಇನ್ನು ನಮ್ಮವರ ವಿಷಯ. ಈ ಪಡೆಗಳ ಬಾಗಿಲು ಬಹುಪಾಲು ಭಾರತೀಯರಿಗೆ ಮುಚ್ಚಿತ್ತು. ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಕಾಂಗ್ರೆಸ್ 1886ರಲ್ಲೇ ಕೇಳಿತ್ತು. ಆದರೆ ಭಾರತೀಯರಿಗೆ ಅಂತ ಟೆರಿಟೋರಿಯಲ್ ಫೋರ್ಸ್ ಬಂದಿದ್ದು 1920ರಲ್ಲಿ. ಹಾಗಾಗಿ ಮನೆಯಲ್ಲಿ 1900ರ ವಾಲಂಟಿಯರ್ ಪದಕ ಇದ್ದು, ತಾತನ ಹೆಸರು ರಾಮೇಗೌಡ ಅಂತಿದ್ದರೆ, ಅಂಚನ್ನು ಇನ್ನೊಮ್ಮೆ ಓದಿ. ಎಷ್ಟೋ ಸಲ ಅದು ಯಾರೋ ಸಾಹೇಬನದು, ಗುಜರಿಯಿಂದಲೋ ಹರಾಜಿನಿಂದಲೋ ಮನೆಗೆ ಬಂದಿರುತ್ತೆ. ತಾತ ನಿಜವಾಗಿ ಸೇನೆಯಲ್ಲಿದ್ದರು ಅಂತ ಮನೆಯವರಿಗೆ ಖಾತ್ರಿಯಿದ್ದರೆ ಮೈಸೂರು ಲ್ಯಾನ್ಸರ್ಸ್ ಆಗಿರಬಹುದು. ಅದು ಪೂರ್ತಿ ಸಂಬಳದ ಸಂಸ್ಥಾನದ ಪಡೆ, 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ್ದು. ಅದಕ್ಕೆ ಚರ್ಚ್ ಸುತ್ತಬೇಕಿಲ್ಲ, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಿಂದ ಶುರು ಮಾಡಿ. ಹೋಗುವಾಗ ಗುರುತಿನ ಚೀಟಿ ಮರೆಯಬೇಡಿ.