ಎಕ್ಸ್‌ರೇಯಲ್ಲಿ ಚಪ್ಪಟೆಯಾದ ಬೆನ್ನಿನ ಮಣಿ: ಗುರುತಿಸುವುದು ಹೇಗೆ?

ಬಾಗಲಕೋಟೆಯ ಮೂಳೆ ದವಾಖಾನೆಗಳ ಬೆಂಚಿನ ಮೇಲೆ ಕೂತವರ ಕೈಯಲ್ಲಿ ಎಕ್ಸ್‌ರೇ ಲಕೋಟೆ ಇದ್ದೇ ಇರುತ್ತದೆ. ‘ಮಣಿ ಚಪ್ಪಟಿ ಆಗ್ಯದಂತ್ರಿ, ಕಬ್ಬಿನ ಹೊರಿ ಹೊತ್ತಿದ್ದಕ್ಕ’ ಎಂದು ಕಾರಣವನ್ನೂ ಮನೆಯವರೇ ಹೇಳಿಬಿಡುತ್ತಾರೆ. ಹೊರೆ ಬರೀ ನೆಪವಾಗಿರಬಹುದು. ಮೂಳೆ ಒಳಗೇ ಸೊರಗಿದ್ದರೆ ಕೊಡ ಎತ್ತಿದರೂ ಕುಸಿಯುತ್ತದೆ. ಸೊರಗಿದ್ದು ಯಾಕೆ ಎಂಬುದರ ಸುಳಿವು ಎಷ್ಟೋ ಸಲ ಫಿಲ್ಮಿನಲ್ಲೇ ಸಿಗುತ್ತದೆ.

ಪಕ್ಕದಿಂದ ತೆಗೆದ ಫಿಲ್ಮನ್ನು ಬೆಳಕಿಗೆ ಹಿಡಿಯಿರಿ. ಆಯತಾಕಾರದ ಮಣಿಗಳು ಒಂದರ ಮೇಲೊಂದು, ನಡುನಡುವೆ ಡಿಸ್ಕಿನ, ಅಂದರೆ ಮಣಿಗಳ ನಡುವಿನ ಮೆತ್ತೆಯ, ಕಪ್ಪು ಸಂದು. ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆಯಾದ ತ್ರಿಕಾಸ್ಥಿಯ ಮೇಲಿನಿಂದ ಎಣಿಸಿದರೆ ಸಾಮಾನ್ಯವಾಗಿ ಐದು ಸೊಂಟದವು (ಮೇಲಿನದು ಎಲ್1), ಆರನೆಯದು ಎದೆಭಾಗದ ಕೊನೆಯ ಮಣಿ ಡಿ12. ವಯಸ್ಸಾದವರ ಟೊಳ್ಳು ಮೂಳೆ ಹೆಚ್ಚಾಗಿ ಕುಸಿಯುವುದು ಡಿ12, ಎಲ್1ರ ಹತ್ತಿರವೇ. ಬೆನ್ನಿನ ಮೇಲ್ಭಾಗದಲ್ಲಿ ಒಂದೇ ಮಣಿ ಕುಸಿದಿದ್ದರೆ ‘ವಯಸ್ಸಾಯ್ತು’ ಎಂದು ಕೈಬಿಡಬೇಡಿ.

ಆಮೇಲೆ ಎತ್ತರ. ಮಣಿಯ ಮುಂಭಾಗ, ನಡು, ಹಿಂಭಾಗ ಮೂರನ್ನೂ ಅಕ್ಕಪಕ್ಕದ ಮಣಿಗಳ ಜೊತೆ ಹೋಲಿಸಬೇಕು. ಕುಸಿತ ಅಳೆಯುವ 1993ರ ಗೆನಾಂಟ್ ಕ್ರಮದಲ್ಲಿ ಎತ್ತರ ಶೇ 20ರಿಂದ 25ರಷ್ಟು ತಗ್ಗಿದರೆ ಅಲ್ಪ, ಶೇ 40ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಎದೆಭಾಗದ ಮಣಿಗಳು ಮುಂದೆ ತುಸು ಗಿಡ್ಡ ಇರುವುದು ಸಹಜ, ಅದಕ್ಕೆ ಗಾಬರಿ ಬೇಡ.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಡಿಸ್ಕಿನ ಸಂದನ್ನು. ಸಂದು ಮುಚ್ಚಿಹೋಗಿ, ಅದರ ಮೇಲಿನ ಮತ್ತು ಕೆಳಗಿನ ಎರಡೂ ಮಣಿಗಳ ಅಂಚು ಸವೆದಿದ್ದರೆ ಮೊದಲು ಬೆನ್ನುಮೂಳೆಯ ಕ್ಷಯವನ್ನೇ ನೆನೆಯಬೇಕು. ಕೆಮ್ಮು ಇಲ್ಲದೆಯೂ ಅದು ಬರುತ್ತದೆ. ಸಂಜೆ ಜ್ವರ, ತೂಕ ಇಳಿಕೆ ಇದ್ದರಂತೂ ಮಸಾಜು, ಪಟ್ಟಿ ಎನ್ನುತ್ತ ದಿನ ದೂಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಮಾತ್ರೆ ಉಚಿತ. ಸಂದು ಚೆನ್ನಾಗಿಯೇ ಉಳಿದು ಮಣಿ ಮಾತ್ರ ಕುಸಿದಿದ್ದರೆ ಮೂಳೆ ಟೊಳ್ಳಾಗಿರುವುದು, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇವುಗಳ ಕಡೆ ಯೋಚನೆ ಹೋಗುತ್ತದೆ. ಆಗ ಎದುರಿನಿಂದ ತೆಗೆದ ಫಿಲ್ಮನ್ನೂ ನೋಡಿ. ಪ್ರತಿ ಮಣಿಯಲ್ಲೂ ಎರಡು ಕಣ್ಣುಗಳಂತೆ ಕಾಣುವ ಪೆಡಿಕಲ್‌ಗಳಲ್ಲಿ (ಮಣಿಯ ಹಿಂಬದಿಯ ಗಿಡ್ಡ ಮೂಳೆ ಕಂಬಗಳು) ಒಂದು ಮಾಯವಾಗಿದ್ದರೆ ಕ್ಯಾನ್ಸರಿನ ಅನುಮಾನ ಬಲವಾಗುತ್ತದೆ.

ಮಕ್ಕಳದು ಬೇರೆಯೇ ಲೆಕ್ಕ. ಒಂದೇ ಮಣಿ ತೆಳ್ಳಗೆ ಬಿಲ್ಲೆಯಾಗಿದ್ದರೆ ಲ್ಯಾಂಗರ್‌ಹಾನ್ಸ್ ಎಂಬ ರೋಗನಿರೋಧಕ ಕೋಶಗಳು ಮಿತಿಮೀರಿ ಬೆಳೆಯುವ ಕಾಯಿಲೆ ಮುಖ್ಯ ಕಾರಣ. ಮಗು ಬೆಳೆದಂತೆ ಆ ಮಣಿ ಬಹುಮಟ್ಟಿಗೆ ಎತ್ತರ ಪಡೆಯುವುದೂ ಉಂಟು. ಆದರೆ ಲ್ಯೂಕೇಮಿಯಾ (ರಕ್ತದ ಕ್ಯಾನ್ಸರ್), ಕ್ಷಯ ಅಲ್ಲವೆಂದು ಮೊದಲು ಖಾತ್ರಿಯಾಗಬೇಕು. ಸಾಲಿಗೆ ಸಾಲೇ ಚಪ್ಪಟೆ, ಮಗು ಗಿಡ್ಡ ಎಂದರೆ ಹುಟ್ಟಿನಿಂದ ಬಂದ ಮಾರ್ಕಿಯೊ ಸಿಂಡ್ರೋಮ್, ಮೂಳೆ ಬೆಳವಣಿಗೆಯ ದೋಷಗಳು, ಮೂಳೆ ಪದೇಪದೇ ಮುರಿಯುವ ಕಾಯಿಲೆ ಇವನ್ನು ಪರೀಕ್ಷಿಸುತ್ತಾರೆ. ಮಲೆನಾಡಿನ ಹಂದಿಗೋಡು ಕಾಯಿಲೆಯೂ ಈ ಬಳಗದ್ದೇ. ಮಾರ್ಕಿಯೊ ಇರುವ ಮಗುವಿನ ಕುತ್ತಿಗೆಯ ಮಣಿ ಸಡಿಲ ಇರಬಹುದಾದ್ದರಿಂದ ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿ.

ಕುಸಿತ ಹೊಸದೋ ಹಳೆಯದೋ ಎಂಬುದನ್ನು ಎಂಆರ್‌ಐ ಹೇಳುತ್ತದೆ: ಹೊಸದಾದರೆ ಅದರ ಸ್ಟಿರ್ ಎಂಬ ಬಗೆಯ ಚಿತ್ರದಲ್ಲಿ ಮಣಿ ಬೆಳ್ಳಗೆ ಹೊಳೆಯುತ್ತದೆ. ಹಳೆಯ ಎಕ್ಸ್‌ರೇ ಟ್ರಂಕಿನಲ್ಲಿದ್ದರೆ ಅದನ್ನೂ ತನ್ನಿ, ಹೋಲಿಸಲು ಬೇಕಾಗುತ್ತದೆ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದನ್ನು ಹುಡುಕುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೊರಡಿ.